ಒಂದೇ ದಿನ ಶಾಲೆಗೆ ಹೋದ ಹುಡುಗ: ಬಸ್ಟರ್ ಕೀಟನ್

ನಾನು ಬಿ.ಎಡ್. ಓದುತ್ತಿದ್ದಾಗಿನ ಮಾತು. ಅಭ್ಯಾಸ ಬೋಧನೆಯ ಏಳನೆಯ ಪಾಠ. ಒಂಬತ್ತನೆಯ ತರಗತಿ, ಸಮಾಜ ವಿಜ್ಞಾನ, ಉತ್ತರ ಭಾರತದ ನದಿಗಳು. ಹಿಂದಿನ ಬೆಂಚಿನಲ್ಲಿ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದರು. ಪೀಠಿಕೆ ಮುಗಿಸಿ ಭಾರತದ ನಕಾಶೆಯನ್ನು ಮೊಳೆಗೆ ತೂಗುಹಾಕಿ ಈಚೆ ತಿರುಗಿದೆ. ಮೊಳೆ ಸಡಿಲವಾಗಿತ್ತು. ನಕಾಶೆ ಕೋಲಿನ ಸಮೇತ ಜಾರಿ ನನ್ನ ತಲೆಯ ಮೇಲೆ ಬಿತ್ತು. ಮೂರನೆಯ ಸಾಲಿನ ಹುಡುಗನೊಬ್ಬ, ಶಿವನ ತಲೆಗೆ ಇಳಿದ ಗಂಗೆ ಈವತ್ತು ಮೇಷ್ಟ್ರ ತಲೆಗೂ ಇಳಿದಳು ಎಂದ. ತರಗತಿ ಬಿದ್ದು ಬಿದ್ದು ನಕ್ಕಿತು.

ನಾನು ನಗಲಿಲ್ಲ. ಅವನನ್ನು ಎಬ್ಬಿಸಿ ಹೊರಗೆ ಕಳಿಸಿದೆ. ಪಾಠ ಮುಗಿಯುವವರೆಗೆ ಅವನು ಜಗಲಿಯ ಕಂಬದ ಪಕ್ಕದಲ್ಲಿ ನಿಂತಿದ್ದ. ಕಿಟಕಿಯಿಂದ ಅವನ ಭುಜ ಮಾತ್ರ ಕಾಣುತ್ತಿತ್ತು. ಅಂದಿನ ವೀಕ್ಷಣಾ ಪುಸ್ತಕದಲ್ಲಿ ನನಗೆ ತರಗತಿ ನಿರ್ವಹಣೆ ಉತ್ತಮ ಎಂಬ ಷರಾ ಬಂತು. ಮರುದಿನ ಆ ಹುಡುಗ ಬರಲಿಲ್ಲ. ಆಮೇಲೆ ಬಂದ, ಆದರೆ ನಾನು ಅಲ್ಲಿದ್ದ ಉಳಿದ ದಿನಗಳಲ್ಲಿ ನನ್ನ ಪಾಠದಲ್ಲಿ ಒಮ್ಮೆಯೂ ಬಾಯಿ ತೆರೆಯಲಿಲ್ಲ.

ಇದನ್ನು ನಾನು ಮರೆತೇಬಿಟ್ಟಿದ್ದೆ. ಶಿಕ್ಷಕರ ತರಬೇತಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಮಾತಿಲ್ಲದೆ ವಿಷಯ ಮುಟ್ಟಿಸುವ ಕೌಶಲ್ಯಕ್ಕೆ ಉದಾಹರಣೆ ಹುಡುಕುತ್ತಾ ಬಸ್ಟರ್ ಕೀಟನ್ ಎಂಬ ಅಮೆರಿಕದ ಹಾಸ್ಯನಟನ ಜೀವನವನ್ನು ಓದಿದೆ. ಆತ ತನ್ನ ಜೀವಮಾನದಲ್ಲಿ ಶಾಲೆಗೆ ಹೋದದ್ದು ಒಂದೇ ದಿನ. ತಮಾಷೆ ಮಾಡಿದ್ದಕ್ಕೆ ಅದೇ ದಿನ ಶಾಲೆಯಿಂದ ಹೊರಗೆ ಹಾಕಿದರು. ಅದನ್ನು ಓದಿದಾಗ ಕಂಬದ ಪಕ್ಕದ ಆ ಭುಜ ನೆನಪಾಯಿತು. ಪ್ರಶಿಕ್ಷಣಾರ್ಥಿಗಳು ಶಾಲೆಗಳಿಗೆ ಹೊರಡುವ ಈ ಹೊತ್ತಿನಲ್ಲಿ ಕೀಟನ್‌ನ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಅದೇ ಕಾರಣ.

ರಂಗದ ಮೇಲಿನ ಬಾಲ್ಯ

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕಾನ್ಸಾಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ. ಅದು ಅವನ ತಂದೆತಾಯಿಯ ಊರೇನಲ್ಲ. ತಂದೆ ಜೋ, ತಾಯಿ ಮೈರಾ ಇಬ್ಬರೂ ಊರೂರು ತಿರುಗಿ ಆಟ ತೋರಿಸಿ, ಜನ ಸೇರಿದಾಗ ಔಷಧಿ ಮಾರುವ ತಂಡದಲ್ಲಿದ್ದರು. ನಮ್ಮ ಸಂತೆಗಳಲ್ಲಿ ಹಾವಾಡಿಸಿ, ಜಾದೂ ತೋರಿಸಿ ಬೇರು ಮಾರುವವರನ್ನು ಕಂಡವರಿಗೆ ಈ ಕಸುಬು ಹೊಸದಲ್ಲ. ತಂಡ ಆ ದಿನ ಎಲ್ಲಿತ್ತೋ ಅಲ್ಲಿ ಮಗು ಹುಟ್ಟಿತು. ಬಸ್ಟರ್ ಎಂದರೆ ಅಂದಿನ ರಂಗದವರ ಆಡುಮಾತಿನಲ್ಲಿ ಜೋರಾಗಿ ಬೀಳುವುದು. ಮಗುವಾಗಿದ್ದಾಗ ಮೆಟ್ಟಿಲಿನಿಂದ ಉರುಳಿಬಿದ್ದೂ ಏನೂ ಆಗದೆ ಎದ್ದುಕೂತ, ಅದನ್ನು ಕಂಡು ಜಾದೂಗಾರ ಹೂಡಿನಿ ಈ ಹೆಸರಿಟ್ಟ ಎಂಬ ಕಥೆ ಮನೆಯಲ್ಲಿ ಬಳಕೆಯಲ್ಲಿತ್ತು. ಕಥೆ ಹೇಗಾದರೂ ಇರಲಿ, ಜೀವನವಿಡೀ ಆತ ಬಿದ್ದು ಎದ್ದದ್ದಂತೂ ನಿಜ.

ಇನ್ನೂ ಐದಾರು ವರ್ಷದ ಹುಡುಗ ತಂದೆತಾಯಿಯ ಜೊತೆ ರಂಗವೇರಿದ. ಮೂವರು ಕೀಟನ್‌ಗಳು ಎಂಬುದು ತಂಡದ ಹೆಸರು. ಮಗ ತಂಟೆ ಮಾಡುತ್ತಾನೆ, ಅಪ್ಪ ಅವನನ್ನು ಎತ್ತಿ ಪರದೆಯ ಮೇಲೋ ವಾದ್ಯದವರ ಗುಂಡಿಗೋ ಎಸೆಯುತ್ತಾನೆ. ಆಟ ಎಂದರೆ ಇಷ್ಟೇ. ಎಸೆಯಲು ಅನುಕೂಲವಾಗಲಿ ಎಂದು ಹುಡುಗನ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಹಿಡಿಕೆಯೊಂದನ್ನು ಹೊಲಿದಿದ್ದರು. ಬೀಳುವಾಗ ಮೈಯನ್ನು ಹೇಗೆ ಸಡಿಲ ಬಿಡಬೇಕು, ಕೈಯನ್ನು ಎಲ್ಲಿ ಊರಬೇಕು ಎಂಬುದನ್ನು ಅವನು ಹೀಗೆ ಕಲಿತ. ಇನ್ನೊಂದು ಸಂಗತಿಯನ್ನೂ ಕಂಡುಕೊಂಡ: ಬಿದ್ದ ಮೇಲೆ ತಾನೇ ನಕ್ಕರೆ ಜನ ಕಡಿಮೆ ನಗುತ್ತಾರೆ, ಮುಖದಲ್ಲಿ ಏನೂ ತೋರಿಸದೆ ಎದ್ದು ನಿಂತರೆ ಹೆಚ್ಚು ನಗುತ್ತಾರೆ. ಮುಂದೆ ಲೋಕಪ್ರಸಿದ್ಧವಾದ ಆ ಕಲ್ಲುಮುಖ ಹುಟ್ಟಿದ್ದು ಸಭಿಕರನ್ನು ಗಮನಿಸಿ ಗಮನಿಸಿ.

ಇದನ್ನು ಹಾಡಿ ಹೊಗಳುವ ಮೊದಲು ನಾವು ಶಿಕ್ಷಕರು ಸ್ವಲ್ಪ ನಿಲ್ಲಬೇಕು. ಮಗುವನ್ನು ಎಸೆದು ಹಣ ಗಳಿಸುವುದು ಸರಿಯೇ ಎಂಬ ಪ್ರಶ್ನೆ ಅಂದೂ ಎದ್ದಿತ್ತು. ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ನ್ಯೂಯಾರ್ಕಿನ ಸಂಘದವರು ಈ ಆಟದ ಹಿಂದೆ ಬಿದ್ದಿದ್ದರು, ಕೆಲಕಾಲ ಆ ನಗರದಲ್ಲಿ ಆಟವೇ ನಿಂತಿತ್ತು. ತನಗೆ ಏಟು ಬೀಳುತ್ತಿರಲಿಲ್ಲ ಎಂದು ಕೀಟನ್ ವೃದ್ಧಾಪ್ಯದವರೆಗೂ ಸಮರ್ಥಿಸಿಕೊಂಡ. ಆದರೆ ತಂದೆಯ ಕುಡಿತ ಹೆಚ್ಚಿದಂತೆ ಎಸೆತದ ಲೆಕ್ಕ ತಪ್ಪತೊಡಗಿತು; ಕೊನೆಗೆ 1917ರಲ್ಲಿ ತಂಡ ಒಡೆದದ್ದು ಅದರಿಂದಲೇ. ಮಗುವಿನ ಪ್ರತಿಭೆ ನಿಜ, ಮಗುವಿಗೆ ಆದ ಅನ್ಯಾಯವೂ ನಿಜ. ಒಂದನ್ನು ಹೇಳುವಾಗ ಇನ್ನೊಂದನ್ನು ಮುಚ್ಚಬಾರದು.

ಶಾಲೆಯ ಆ ಒಂದು ದಿನ ನಡೆದದ್ದು ಈ ತಿರುಗಾಟದ ನಡುವೆ, ನ್ಯೂಯಾರ್ಕಿನ ಪಕ್ಕದ ಜರ್ಸಿ ಸಿಟಿಯಲ್ಲಿ. ಆ ಕಾಲದ ರಂಗದಲ್ಲಿ ಶಾಲೆಯ ಪ್ರಹಸನಗಳು ಜನಪ್ರಿಯವಾಗಿದ್ದವು: ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಹುಡುಗ ತಲೆಹರಟೆ ಉತ್ತರ ಕೊಡುತ್ತಾನೆ, ಸಭೆ ನಗುತ್ತದೆ. ಕೀಟನ್‌ಗೆ ಗೊತ್ತಿದ್ದ ಶಾಲೆ ಅದೊಂದೇ. ನಿಜವಾದ ಶಿಕ್ಷಕಿ ನಿಜವಾದ ಪ್ರಶ್ನೆ ಕೇಳಿದಾಗ ಅವನು ರಂಗದ ಉತ್ತರಗಳನ್ನೇ ಕೊಟ್ಟ. ಮಕ್ಕಳು ನಕ್ಕರು. ಹುಡುಗನನ್ನು ಮನೆಗೆ ಕಳಿಸಿದರು, ಮತ್ತೆ ಬರುವುದು ಬೇಡವೆಂದೂ ತಿಳಿಸಿದರು. ಓದು ಬರಹವನ್ನು ಮನೆಯಲ್ಲೇ ಕಲಿತ. ಆತ್ಮಕಥೆಯಲ್ಲಿ ಕೀಟನ್ ಇದನ್ನು ತಮಾಷೆಯಾಗಿಯೇ ಬರೆದಿದ್ದಾನೆ. ನನಗೆ ಮಾತ್ರ ಓದುವಾಗ ನಗು ಬರಲಿಲ್ಲ. ಆ ಹುಡುಗ ಶಾಲೆಯನ್ನು ಅಣಕಿಸಲಿಲ್ಲ. ಪ್ರಶ್ನೆ ಕೇಳಿದರೆ ಹೀಗೆಯೇ ಉತ್ತರಿಸಬೇಕು ಎಂದು ನಂಬಿ, ತನಗೆ ಬರುತ್ತಿದ್ದ ಅತ್ಯುತ್ತಮವಾದದ್ದನ್ನೇ ಕೊಟ್ಟಿದ್ದ.

ಕ್ಯಾಮೆರಾ ಬಿಚ್ಚಿದವನು

ತಂಡ ಒಡೆದಾಗ ಕೀಟನ್‌ಗೆ ಇಪ್ಪತ್ತೊಂದು ವರ್ಷ. ನ್ಯೂಯಾರ್ಕಿನ ದೊಡ್ಡ ರಂಗಮಂದಿರದಲ್ಲಿ ವಾರಕ್ಕೆ 250 ಡಾಲರ್ ಸಂಬಳದ ಕೆಲಸ ಕೈಯಲ್ಲಿತ್ತು. ಅದೇ ಸಮಯದಲ್ಲಿ ರಾಸ್ಕೋ ಆರ್ಬಕಲ್ ಎಂಬ ದಢೂತಿ ಹಾಸ್ಯನಟ ತನ್ನ ಚಿತ್ರೀಕರಣ ನೋಡಲು ಕರೆದ. ಕೀಟನ್ ಹೋದ, ದಿ ಬುಚರ್ ಬಾಯ್ ಚಿತ್ರದ ಒಂದು ದೃಶ್ಯದಲ್ಲಿ ಸೇರಿಕೊಂಡ, ಅಲ್ಲೇ ಉಳಿದ. ಸಂಬಳ ವಾರಕ್ಕೆ 40 ಡಾಲರ್. ಅವನನ್ನು ಸೆಳೆದದ್ದು ಕ್ಯಾಮೆರಾ. ಒಂದು ಕ್ಯಾಮೆರಾವನ್ನು ಕೇಳಿ ಪಡೆದು, ರಾತ್ರಿ ಕೋಣೆಗೆ ಒಯ್ದು, ಪೂರಾ ಬಿಚ್ಚಿ ಒಳಗೇನಿದೆ ಎಂದು ನೋಡಿ, ಬೆಳಗಾಗುವುದರೊಳಗೆ ಮತ್ತೆ ಜೋಡಿಸಿದ ಎಂದು ಹೇಳುತ್ತಾರೆ. ಒಂದು ದಿನದ ಶಾಲೆಯ ಹುಡುಗ ಯಂತ್ರಶಾಸ್ತ್ರವನ್ನು ಕಲಿತ ಬಗೆ ಇದು.

1918ರಲ್ಲಿ ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋದ. ಅಲ್ಲಿ ಕಿವಿಗೆ ಸೋಂಕು ತಗಲಿ ಕೇಳುವ ಶಕ್ತಿ ಶಾಶ್ವತವಾಗಿ ಕುಂದಿತು. ಮರಳಿ ಬಂದು, 1920ರಿಂದ ಸ್ವಂತ ತಂಡದಲ್ಲಿ ಚಿತ್ರ ಮಾಡತೊಡಗಿದ. ಆಗ ತೆರೆಕಂಡ ಒನ್ ವೀಕ್ ಸುಮಾರು ಇಪ್ಪತ್ತು ನಿಮಿಷದ ಚಿತ್ರ. ಹೊಸದಾಗಿ ಮದುವೆಯಾದ ಜೋಡಿಗೆ ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದ ಮನೆಯೊಂದು ಉಡುಗೊರೆ ಸಿಗುತ್ತದೆ. ಸಂಖ್ಯೆ ನೋಡಿ ಜೋಡಿಸಿದರಾಯಿತು. ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ಸಂಖ್ಯೆ ಬದಲಿಸುತ್ತಾನೆ. ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿ ಕಟ್ಟಿದ ಮನೆ ಸೊಟ್ಟಂಬಟ್ಟವಾಗಿ ಎದ್ದು ನಿಲ್ಲುತ್ತದೆ. ಪಾಠ ಯೋಜನೆಯ ಹಂತಗಳನ್ನು ಒಂದೂ ಬಿಡದೆ ಪಾಲಿಸಿ, ಕೊನೆಗೆ ಪಾಠ ಏಕೆ ಹೀಗಾಯಿತು ಎಂದು ಕಂಗೆಟ್ಟು ನಿಂತ ಯಾವ ಪ್ರಶಿಕ್ಷಣಾರ್ಥಿಗೂ ಈ ಚಿತ್ರ ಬೇಗ ಅರ್ಥವಾಗುತ್ತದೆ.

ಮುಂದಿನ ಎಂಟು ವರ್ಷ ಕೀಟನ್‌ನ ಸುಗ್ಗಿಯ ಕಾಲ. ಅವರ್ ಹಾಸ್ಪಿಟಾಲಿಟಿ, ಶರ್ಲಾಕ್ ಜೂನಿಯರ್, ದಿ ನ್ಯಾವಿಗೇಟರ್, ಸೆವೆನ್ ಚಾನ್ಸಸ್ ಒಂದರ ಹಿಂದೊಂದು ಬಂದವು. ಕೆಲಸದ ಕ್ರಮವೂ ವಿಶಿಷ್ಟ. ಬರೆದಿಟ್ಟ ಚಿತ್ರಕಥೆ ಇರುತ್ತಿರಲಿಲ್ಲ. ತಂಡದವರು ಕೂತು ಆರಂಭವನ್ನೂ ಅಂತ್ಯವನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ನಡುವಿನದು ಕೆಲಸ ಮಾಡುತ್ತಾ ಬೆಳೆಯುತ್ತಿತ್ತು. ದಾರಿ ತೋಚದಿದ್ದರೆ ಎಲ್ಲರೂ ಬೇಸ್‌ಬಾಲ್ ಆಡಲು ಇಳಿಯುತ್ತಿದ್ದರು. ಸಾಹಸದ ದೃಶ್ಯವನ್ನು ತುಂಡು ತುಂಡಾಗಿ ತೋರಿಸುವುದು ಅವನಿಗೆ ಸೇರುತ್ತಿರಲಿಲ್ಲ. ದೂರದಲ್ಲಿ ಕ್ಯಾಮೆರಾ ಇಟ್ಟು, ಇಡೀ ಮೈ, ಇಡೀ ಜಾಗ ಕಾಣುವಂತೆ, ಮೊದಲಿನಿಂದ ಕೊನೆಯವರೆಗೆ ತೋರಿಸಬೇಕು. ಆಗ ಮಾತ್ರ ನೋಡುವವನು ನಂಬುತ್ತಾನೆ. ವಿಜ್ಞಾನದ ಪ್ರಾತ್ಯಕ್ಷಿಕೆ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ.

ನಂಬಿಸುವುದಕ್ಕೆ ತೆತ್ತ ಬೆಲೆ ಕಡಿಮೆಯಲ್ಲ. ಶರ್ಲಾಕ್ ಜೂನಿಯರ್ ಚಿತ್ರೀಕರಣದಲ್ಲಿ ರೈಲಿಗೆ ನೀರು ತುಂಬುವ ಕೊಳವೆಯಿಂದ ಧುಮುಕಿದ ನೀರಿನ ರಭಸಕ್ಕೆ ಹಳಿಯ ಮೇಲೆ ಬಿದ್ದ. ಕೆಲವು ದಿನ ತಲೆನೋವು ಎಂದುಕೊಂಡು ಸುಮ್ಮನಾದ. ಕತ್ತಿನ ಮೂಳೆ ಮುರಿದಿತ್ತು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಬೇರೆ ಕಾರಣಕ್ಕೆ ಎಕ್ಸ್‌ರೇ ತೆಗೆದಾಗ. ಸ್ಟೀಮ್‌ಬೋಟ್ ಬಿಲ್ ಜೂನಿಯರ್ (1928) ಚಿತ್ರದಲ್ಲಿ ಬಿರುಗಾಳಿಗೆ ಮನೆಯೊಂದರ ಇಡೀ ಮುಂಗೋಡೆ ಅವನ ಮೇಲೆ ಮಗುಚಿ ಬೀಳುತ್ತದೆ. ಮಾಳಿಗೆಯ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೆ ಬಂದು, ಅವನು ಹಾಗೆಯೇ ನಿಂತಿರುತ್ತಾನೆ. ಗೋಡೆ ನಿಜವಾದದ್ದು, ಟನ್‌ಗಟ್ಟಲೆ ಭಾರ. ಭುಜಕ್ಕೂ ಕಿಟಕಿಯ ಚೌಕಟ್ಟಿಗೂ ನಡುವೆ ಇದ್ದದ್ದು ಕೆಲವೇ ಅಂಗುಲ.

ತನ್ನ ಚಿತ್ರಗಳಲ್ಲೆಲ್ಲ ಅವನಿಗೆ ಹೆಚ್ಚು ಪ್ರಿಯವಾದದ್ದು ದಿ ಜನರಲ್. ಅಮೆರಿಕದ ಅಂತರ್ಯುದ್ಧ ಕಾಲದ ಕಥೆ. ಕದ್ದೊಯ್ದ ರೈಲು ಎಂಜಿನ್ನನ್ನು ಅದರ ಚಾಲಕ ಒಬ್ಬನೇ ಅಟ್ಟಿಸಿಕೊಂಡು ಹೋಗಿ ತರುತ್ತಾನೆ. ಒರೆಗಾನ್ ರಾಜ್ಯದಲ್ಲಿ ನದಿಗೆ ಮರದ ಸೇತುವೆ ಕಟ್ಟಿಸಿ, ಅದಕ್ಕೆ ಬೆಂಕಿ ಹಚ್ಚಿ, ನಿಜವಾದ ಎಂಜಿನ್ನನ್ನೇ ನದಿಗೆ ಬೀಳಿಸಿದ. ಅಂದಿನ ಪತ್ರಿಕೆಗಳಲ್ಲಿ ಹಲವು ಚಿತ್ರವನ್ನು ಹೀಗಳೆದವು, ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. 1989ರಲ್ಲಿ ಅಮೆರಿಕ ಸರ್ಕಾರ ಕಾಪಾಡಿಕೊಳ್ಳಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಮೊದಲ 25ನ್ನು ಆರಿಸಿದಾಗ ಅದರಲ್ಲಿ ದಿ ಜನರಲ್ ಇತ್ತು. ಆ ಹೊತ್ತಿಗೆ ಕೀಟನ್ ತೀರಿಕೊಂಡು 23 ವರ್ಷ.

ಬೇರೆಯವರು ಬರೆದ ಪಾಠ

1928ರಲ್ಲಿ ಕೀಟನ್ ಸ್ವಂತ ತಂಡ ಬಿಟ್ಟು ಎಂ.ಜಿ.ಎಂ. ಎಂಬ ದೊಡ್ಡ ಕಂಪನಿಗೆ ಸೇರಿದ. ಚಾಪ್ಲಿನ್, ಹೆರಾಲ್ಡ್ ಲಾಯ್ಡ್ ಇಬ್ಬರೂ ಬೇಡವೆಂದಿದ್ದರು. ಸಂಬಳ ವಾರಕ್ಕೆ 3000 ಡಾಲರ್. ಮೊದಲ ಚಿತ್ರ ದಿ ಕ್ಯಾಮೆರಾಮ್ಯಾನ್ ಚೆನ್ನಾಗಿಯೇ ಬಂತು. ಆಮೇಲೆ ಬಿಗಿ ಬಂತು: ಕಥೆ ಬರೆಯುವವರು ಬೇರೆ, ಸಂಭಾಷಣೆ ಬೇರೆ, ಬರೆದದ್ದರಿಂದ ಆಚೀಚೆ ಹೋಗುವಂತಿಲ್ಲ. ಅಪಾಯದ ಸಾಹಸವನ್ನು ಸ್ವತಃ ಮಾಡುವಂತಿಲ್ಲ. ಅಷ್ಟರಲ್ಲಿ ಚಿತ್ರಗಳಿಗೆ ಮಾತು ಬಂತು. ಕೀಟನ್‌ಗೆ ಮಾತಿನ ಭಯವಿರಲಿಲ್ಲ, ಆತ ರಂಗದಿಂದ ಬಂದವನು. ಆದರೆ ಆತನ ಪಾತ್ರವನ್ನು ಬರೀ ಪೆದ್ದನನ್ನಾಗಿ ಬರೆದರು, ಬಾಯಿಗೆ ಚುರುಕುಮಾತುಗಳನ್ನು ತುಂಬಿದರು. ಆ ಚಿತ್ರಗಳು ಹಣ ಗಳಿಸಿದವು ಎಂಬುದು ದುರಂತದ ಇನ್ನೊಂದು ಮುಖ: ಲೆಕ್ಕದ ಪುಸ್ತಕದ ಪ್ರಕಾರ ಯಾವ ತೊಂದರೆಯೂ ಇರಲಿಲ್ಲ.

ಕೀಟನ್ ಕುಡಿಯತೊಡಗಿದ. ತಂದೆಯ ದಾರಿಯನ್ನೇ ಹಿಡಿದ. 1932ರಲ್ಲಿ ಹೆಂಡತಿ ನಟಾಲಿ ಟಾಲ್ಮಡ್ಜ್ ವಿಚ್ಛೇದನ ಪಡೆದಳು, ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದೂ ಹೋಯಿತು. 1933ರಲ್ಲಿ ಕಂಪನಿ ಕೆಲಸದಿಂದ ತೆಗೆಯಿತು. ಅವಸರದ ಎರಡನೆಯ ಮದುವೆ ಮೂರು ವರ್ಷವೂ ಸರಿಯಾಗಿ ಬಾಳಲಿಲ್ಲ. ಆಸ್ಪತ್ರೆ ಸೇರಬೇಕಾಯಿತು. ಎಂ.ಜಿ.ಎಂ.ಗೆ ಸೇರಿದ್ದು ಜೀವನದ ದೊಡ್ಡ ತಪ್ಪು ಎಂದು ಆತ ಕೊನೆಯವರೆಗೂ ಭಾವಿಸಿದ್ದ.

ಇಲ್ಲಿಗೆ ಮುಗಿದಿದ್ದರೆ ಇದು ಎಷ್ಟೋ ಕಲಾವಿದರ ಕಥೆಯಂತೆಯೇ ಇರುತ್ತಿತ್ತು. ಕೀಟನ್ ಮಾಡಿದ್ದು ಬೇರೆ. ಕುಡಿತವನ್ನು ಹತೋಟಿಗೆ ತಂದುಕೊಂಡು, ಅಗ್ಗದ ಕಿರುಚಿತ್ರಗಳಲ್ಲಿ ದುಡಿದು, ತನ್ನನ್ನು ಹೊರಹಾಕಿದ ಅದೇ ಕಂಪನಿಗೆ ವಾರಕ್ಕೆ 100 ಡಾಲರ್ ಸಂಬಳಕ್ಕೆ ಹಾಸ್ಯ ಹೆಣೆಯುವವನಾಗಿ ಮರಳಿದ. ಮಾರ್ಕ್ಸ್ ಸಹೋದರರಿಗೆ, ರೆಡ್ ಸ್ಕೆಲ್ಟನ್‌ಗೆ ತಮಾಷೆಯ ಸನ್ನಿವೇಶ ಹೊಂದಿಸಿಕೊಟ್ಟ. ಅಲ್ಲಿದ್ದ ಲೂಸಿಲ್ ಬಾಲ್ ಎಂಬ ನಟಿಗೆ ರಂಗಪರಿಕರಗಳನ್ನು ಹಿಡಿಯುವುದು, ಬೀಳುವುದು, ಕ್ಷಣದ ಲೆಕ್ಕ ತಪ್ಪದಿರುವುದು ಇವನ್ನೆಲ್ಲ ಹೇಳಿಕೊಟ್ಟ. 1951ರಲ್ಲಿ ಐ ಲವ್ ಲೂಸಿ ಧಾರಾವಾಹಿಯಿಂದ ಆಕೆ ಅಮೆರಿಕದ ಮನೆಮಾತಾದಳು. ಶಾಲೆ ಒಲ್ಲದ ಹುಡುಗ ಹೀಗೆ ಮೇಷ್ಟ್ರಾಗಿದ್ದ. 1940ರಲ್ಲಿ ಎಲಿನಾರ್ ನಾರಿಸ್ ಎಂಬ ನರ್ತಕಿಯನ್ನು ಮದುವೆಯಾದ. ಆಕೆ ಅವನಿಗಿಂತ 23 ವರ್ಷ ಚಿಕ್ಕವಳು. ಈ ಮದುವೆ ಉಳಿಯದು ಎಂದವರೇ ಹೆಚ್ಚು; ಅದು ಕೊನೆಯವರೆಗೆ ಉಳಿಯಿತು.

ಪುಟ್ಟ ಪರದೆ

1949ರಲ್ಲಿ ವಿಮರ್ಶಕ ಜೇಮ್ಸ್ ಏಜಿ ಲೈಫ್ ಪತ್ರಿಕೆಯಲ್ಲಿ ಮೂಕಿ ಹಾಸ್ಯಚಿತ್ರಗಳ ಬಗ್ಗೆ ದೀರ್ಘ ಲೇಖನ ಬರೆದು ಕೀಟನ್‌ನನ್ನು ಜನರ ನೆನಪಿಗೆ ತಂದ. ಅದೇ ವರ್ಷದ ಕೊನೆಗೆ ಲಾಸ್ ಏಂಜಲಿಸ್‌ನ ಟೆಲಿವಿಷನ್ ಕೇಂದ್ರವೊಂದರಲ್ಲಿ ದಿ ಬಸ್ಟರ್ ಕೀಟನ್ ಷೋ ಶುರುವಾಯಿತು. ಟೆಲಿವಿಷನ್ ಆಗಿನ್ನೂ ಹೊಸತು. ದೊಡ್ಡ ಪರದೆಯ ಎಷ್ಟೋ ನಟರು ಅದನ್ನು ಕೀಳಾಗಿ ಕಾಣುತ್ತಿದ್ದರು. ಕೀಟನ್‌ಗೆ ಆ ಜಂಬವಿರಲಿಲ್ಲ. ನೇರ ಪ್ರಸಾರ, ಎದುರಿಗೆ ಜನ, ತಪ್ಪಿದರೆ ತಿದ್ದಲು ಅವಕಾಶವಿಲ್ಲ; ಬಾಲ್ಯದ ರಂಗವೇ ಮರಳಿ ಸಿಕ್ಕಂತಾಯಿತು. ಅಲ್ಲಿಂದ ಸಾಯುವವರೆಗೆ ಟೆಲಿವಿಷನ್ ಅವನ ಅನ್ನವಾಯಿತು: ಅತಿಥಿ ಪಾತ್ರಗಳು, ಗುಪ್ತ ಕ್ಯಾಮೆರಾದ ಕುಚೇಷ್ಟೆ, ಆಲ್ಕಾ ಸೆಲ್ಟ್ಜರ್ ಮಾತ್ರೆಯ ಜಾಹೀರಾತು. 1961ರಲ್ಲಿ ದಿ ಟ್ವೈಲೈಟ್ ಜೋನ್ ಸರಣಿಯ ಒಂದು ಕಂತಿನಲ್ಲಿ 1890ರ ಕಾಲದಿಂದ ಇಂದಿಗೆ ಬಂದು ಬೀಳುವ ಗಾಬರಿಯ ಮನುಷ್ಯನಾದ. ಹಳೆಯ ಕಾಲದ ಭಾಗವನ್ನು ಮೂಕಿ ಚಿತ್ರದಂತೆಯೇ ತೆಗೆದಿದ್ದರು.

ಇದರ ನಡುವೆ 1952ರಲ್ಲಿ ಚಾಪ್ಲಿನ್‌ನ ಲೈಮ್‌ಲೈಟ್ ಚಿತ್ರದಲ್ಲಿ ಇಬ್ಬರು ಮುದುಕರೂ ಒಂದೇ ರಂಗದ ಮೇಲೆ ಕಾಣಿಸಿಕೊಂಡರು. ಕಳೆದೇಹೋದವು ಎಂದುಕೊಂಡಿದ್ದ ಹಳೆಯ ಚಿತ್ರಗಳು ಒಂದೊಂದಾಗಿ ಸಿಕ್ಕವು, ಕೆಲವು ಅವನೇ ಹಿಂದೆ ವಾಸವಾಗಿದ್ದ ಬಂಗಲೆಯಲ್ಲೇ ಇದ್ದವು. 1960ರಲ್ಲಿ ಗೌರವ ಆಸ್ಕರ್ ಬಂತು. ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ತನ್ನ ಏಕೈಕ ಸಿನಿಮಾಕ್ಕೆ ಕೀಟನ್‌ನನ್ನೇ ಕರೆದ. ಆ ಪ್ರಸಿದ್ಧ ಮುಖ ಅದರಲ್ಲಿ ಕೊನೆಯವರೆಗೂ ಕಾಣುವುದಿಲ್ಲ. 1965ರ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. 1966ರ ಫೆಬ್ರವರಿ 1ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಕೀಟನ್ ತೀರಿಕೊಂಡ. ವಯಸ್ಸು 70.

ಕೊನೆಯ ಚಿತ್ರಗಳಲ್ಲಿ ಒಂದನ್ನು ಹೇಳದೆ ಮುಗಿಸಲಾರೆ. ಕೆನಡಾದ ರಾಷ್ಟ್ರೀಯ ಚಿತ್ರ ಮಂಡಳಿ ತೆಗೆದ ದಿ ರೈಲ್‌ರಾಡರ್‌ನಲ್ಲಿ ಕೀಟನ್ ಪುಟ್ಟ ರೈಲು ಟ್ರಾಲಿಯೊಂದರಲ್ಲಿ ಕೂತು ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೋಗುತ್ತಾನೆ. ಎತ್ತರದ ಸೇತುವೆಯ ಮೇಲೆ ಟ್ರಾಲಿ ಓಡುತ್ತಿರುವಾಗ ದೊಡ್ಡ ನಕಾಶೆಯೊಂದನ್ನು ಬಿಚ್ಚುತ್ತಾನೆ. ಗಾಳಿಗೆ ಅದು ಅವನ ತಲೆಗೂ ಮೈಗೂ ಸುತ್ತಿಕೊಳ್ಳುತ್ತದೆ. ಅಪಾಯವೆಂದು ನಿರ್ದೇಶಕ ಹಿಂದೆಗೆದರೂ, ಎಪ್ಪತ್ತರ ಅಂಚಿನಲ್ಲಿದ್ದ ಕೀಟನ್ ಪಟ್ಟು ಹಿಡಿದು ಮಾಡಿದ.

ನಮ್ಮ ತರಗತಿಗೆ

ನಕಾಶೆ ತಲೆಯ ಮೇಲೆ ಬಿದ್ದರೆ ಏನು ಮಾಡಬೇಕು ಎಂಬುದು ಆತನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಹುಡುಗನ ಮಾತನ್ನು ಈಗ ಮತ್ತೆ ನೋಡುತ್ತೇನೆ. ನಾನು ಅಂದು ಕಲಿಸಬೇಕಿದ್ದದ್ದು ಗಂಗೆ ಹಿಮಾಲಯದ ಎತ್ತರದಿಂದ ಬಯಲಿಗೆ ಇಳಿಯುವ ಬಗೆ. ಶಿವನ ಜಟೆಯ ಕಥೆಯನ್ನು ಅವನು ತಾನೇ ತಂದು ಮೇಜಿನ ಮೇಲೆ ಇಟ್ಟಿದ್ದ. ನಕ್ಕು, ಗಂಗೆ ಶಿವನ ತಲೆಯಿಂದ ಎಲ್ಲಿಗೆ ಹೋದಳು ಹೇಳು ನೋಡೋಣ ಎಂದಿದ್ದರೆ ಪಾಠ ಅಲ್ಲಿಂದಲೇ ಹರಿಯುತ್ತಿತ್ತು. ಪೂರ್ವಜ್ಞಾನಕ್ಕೆ ಜೋಡಿಸುವುದು ಎಂದು ಪಾಠ ಯೋಜನೆಯಲ್ಲಿ ಬರೆದುಕೊಂಡು ಹೋಗಿದ್ದೆ; ಅದು ಎದುರಿಗೆ ಬಂದಾಗ ಹೊರಗೆ ಕಳಿಸಿದೆ.

ಎಲ್ಲ ತಂಟೆಯೂ ಪ್ರತಿಭೆಯಲ್ಲ. ಇನ್ನೊಂದು ಮಗುವನ್ನು ಚುಚ್ಚುವ ನಗುವನ್ನು ತಡೆಯಲೇಬೇಕು. ಆದರೆ ಶಿಕ್ಷಕರ ಪೇಚಾಟಕ್ಕೆ ಬಂದ ನಗುವಿನಿಂದ ಯಾರಿಗೂ ನೋವಾಗುವುದಿಲ್ಲ, ನಮ್ಮ ಗತ್ತಿಗೆ ಬಿಟ್ಟು.

ಈ ಸಲ ಶಾಲೆಗಳಿಗೆ ಹೊರಡುವ ಮೊದಲು ನಮ್ಮ ತಂಡಗಳಲ್ಲಿ ಒನ್ ವೀಕ್ ಚಿತ್ರವನ್ನು ಒಟ್ಟಿಗೆ ಕೂತು ನೋಡೋಣ. ಸಂಗೀತವನ್ನೂ ನಿಲ್ಲಿಸಿ ನೋಡಿ. ಕೀಟನ್ ಕಣ್ಣಿನಿಂದ, ನಿಲುವಿನಿಂದ, ನಡಿಗೆಯ ವೇಗದಿಂದ ಏನೇನು ತಿಳಿಸುತ್ತಾನೆ ಎಂದು ಪಟ್ಟಿ ಮಾಡಿ. ಎಡವಟ್ಟಾದ ತಕ್ಷಣ ಮುಂದಿನ ಹೆಜ್ಜೆ ಏನಿಡುತ್ತಾನೆ ಎಂದು ಗುರುತು ಹಾಕಿ. ಆಮೇಲೆ ನಿಮ್ಮ ಪಾಠ ಯೋಜನೆಯ ಒಂದು ಹಂತವನ್ನು ಮಾತಿಲ್ಲದೆ ಮಾಡಿ ತೋರಿಸಿ.

ನಾನು ಪಾಠ ನೋಡಲು ಬರುವಾಗ ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದು ಸಾಲನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದೇನೆ. ಈ ಅವಧಿಯಲ್ಲಿ ತರಗತಿಯನ್ನು ನಗಿಸಿದ ಮಗು ಯಾರು, ಆ ಮಗು ಪಾಠ ಮುಗಿದಾಗ ಎಲ್ಲಿತ್ತು. ತರಗತಿ ನಿರ್ವಹಣೆಯ ಷರಾವನ್ನು ಅದಾದ ಮೇಲೆ ಬರೆಯುತ್ತೇನೆ.